ಚೆಲ್ಲು ಅಂದಿದ್ದು ನಾನೇ: ಜೇನಿನ ವೈನಿಗೆ ಕಾದವರ ಹಳೇ ಕಥೆ

ಕೊನೆಕೊಯ್ಲು ಮುಗಿದು ಸ್ವಲ್ಪ ಪುರುಸೊತ್ತು ಸಿಕ್ಕಿದೆ. ಇವತ್ತು ಅಡಿಕೆ ರೇಟು, ಎಲೆಚುಕ್ಕಿ ರೋಗ ಯಾವುದೂ ಬರೆಯಲ್ಲ. ಜೇನಿನ ವಿಷಯ ಬರೀತೀನಿ, ಅದೂ ಹಳೇ ಕಾಲದ ಜೇನಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ. ಪೆಟ್ಟಿಗೆ ಇಟ್ಟವರು ಕೊನೆ ತನಕ ಓದಿ, ನಿಮಗೆ ಬೇಕಾದ್ದು ಕೊನೇಲಿದೆ.

ನನ್ನ ತಂಗಿ ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದಾನೆ. ಅಲ್ಲಿ ಜೇನು ಮತ್ತು ನೀರು ಸೇರಿಸಿ, ಯೀಸ್ಟ್ ಹಾಕಿ ಒಂದು ಥರ ವೈನ್ ಮಾಡ್ತಾರೆ. ಅದಕ್ಕೆ ಮೀಡ್ ಅಂತ ಹೆಸರು. ಮನೆ ಬಳಕೆಗೆ ಮಾಡ್ಕೊಳ್ಳೋದಕ್ಕೆ ಅಲ್ಲಿ ಕಾನೂನಿನ ಅಡ್ಡಿ ಇಲ್ಲ. ಹೋದ ವರ್ಷ ಇವನಿಗೂ ಆಸೆ ಆಯ್ತು. ನಾಲ್ಕೂವರೆ ಲೀಟರಿನ ಗಾಜಿನ ಜಾಡಿ, ಒಂದೂವರೆ ಕೆಜಿ ಜೇನು ತಂದ. ಜೇನು ಕೊಟ್ಟಿದ್ದು ಅವನ ಊರಿನ ಹತ್ತಿರ ಜೇನು ಸಾಕೋ ಒಬ್ಬ ಮುದುಕರು.

ಮೊದಲನೇ ರಾತ್ರಿ ಫೋನು. "ಮಾವ, ಗುಳ್ಳೆ ಬರ್ತಾ ಇಲ್ಲ." ಎರಡನೇ ರಾತ್ರಿ, "ಒಂದೆರಡು ಬಂತು, ನಿಂತ ಹಾಗಿದೆ." ಮೂರನೇ ದಿನ ಚೆನ್ನಾಗಿ ಬಂತಂತೆ. ಆರನೇ ದಿನ ಮತ್ತೆ ಫೋನು, "ಮಾವ, ಕೊಳೆತ ಮೊಟ್ಟೆ ವಾಸನೆ ಬರ್ತಿದೆ, ಏನು ಮಾಡಲಿ?" ನನಗೆ ಜೇನು ಗೊತ್ತು, ಮೀಡ್ ಗೊತ್ತಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. ಹಾಗನ್ನದೆ, "ಕೆಟ್ಟೋಗಿದೆ, ಚೆಲ್ಲು ಮಾರಾಯ" ಅಂದೆ. ಅವನು ಮಾವ ಹೇಳಿದ್ರು ಅಂತ ಚೆಲ್ಲಿದ.

ಮುಂದಿನ ವಾರ ಆ ಮುದುಕರಿಗೆ ಹೇಳಿದಾಗ ಅವರು ತಲೆ ಚಚ್ಚಿಕೊಂಡರಂತೆ. ಅದು ಕೆಟ್ಟಿರಲಿಲ್ಲ, ಯೀಸ್ಟಿಗೆ ಹಸಿವಾಗಿತ್ತು ಅಷ್ಟೇ ಅಂದರಂತೆ. ಒಂದೂವರೆ ಕೆಜಿ ಜೇನು ಸಿಂಕಿಗೆ ಹೋಯ್ತು. ಒಂದೂವರೆ ಕೆಜಿ ಅಂದ್ರೆ ಎಷ್ಟು ಹುಳದ ದುಡಿಮೆ ಅಂತ ಪೆಟ್ಟಿಗೆ ಇಟ್ಟ ನಮಗೆ ಗೊತ್ತು. ನನಗೆ ನಿದ್ದೆ ಬರಲಿಲ್ಲ. ಹಸಿವು ಅಂದ್ರೇನು, ಹಿಂದಿನವರು ಇದನ್ನ ಹೇಗೆ ತಿಳಿದುಕೊಳ್ತಿದ್ರು ಅಂತ ಹುಡುಕೋಕೆ ಶುರು ಮಾಡಿದೆ. ಕೆಲವು ಅಳಿಯ ಓದಿ ಹೇಳಿದ, ಕೆಲವು ನಾನೇ ಓದಿಕೊಂಡೆ. ತಿಳಿದದ್ದು ಕೆಳಗೆ ಬರೆದಿದೀನಿ.

ರೋಮಿನವರು ನಲವತ್ತು ದಿನ ಅಂದರು

ಸುಮಾರು 2000 ವರ್ಷದ ಹಿಂದೆ ಕೊಲುಮೆಲ್ಲ ಅನ್ನೋನೊಬ್ಬ ಇದ್ದ. ಸ್ಪೇನ್ ಕಡೆ ಹುಟ್ಟಿ ಇಟಲಿಯಲ್ಲಿ ಜಮೀನು ಮಾಡಿದವನು. ಬೇಸಾಯದ ಬಗ್ಗೆ 12 ಭಾಗದ ಪುಸ್ತಕ ಬರೆದ. ಉಳುಮೆ, ದನ, ದ್ರಾಕ್ಷಿ, ಜೇನು ಎಲ್ಲ ಅದರಲ್ಲಿದೆ. ಕೊನೇ ಭಾಗದಲ್ಲಿ ಜೇನುನೀರಿನ ಪಾನೀಯ ಮಾಡೋ ಕ್ರಮ ಬರುತ್ತೆ. ಮಳೆನೀರಿಗೆ ಜೇನು ಸೇರಿಸಿ, ಪಾತ್ರೆಗೆ ತುಂಬಿ, ಬಾಯಿ ಮುಚ್ಚಿ, 40 ದಿನ ಬಿಸಿಲಲ್ಲಿಟ್ಟು, ಆಮೇಲೆ ಹೊಗೆ ತಾಗೋ ಅಟ್ಟದ ಮೇಲೆ ಇಡೋದು. ಅದೇ ಶತಮಾನದ ಪ್ಲಿನಿಯೂ ಇದನ್ನೇ ಬರೆದಿದಾನೆ. ಮೂರರಲ್ಲಿ ಒಂದು ಪಾಲು ಹಳೇ ಜೇನು, 40 ದಿನ ಬಿಸಿಲು. ಕೆಲವರು ಹತ್ತನೇ ದಿನಕ್ಕೆ ಬಾಯಿ ಕಟ್ಟುತ್ತಾರೆ ಅಂತಾನೆ. ಹಳೆಯದಾದಷ್ಟೂ ಅದಕ್ಕೆ ದ್ರಾಕ್ಷಿ ವೈನಿನ ರುಚಿ ಬರುತ್ತೆ ಅಂತಲೂ ಹೇಳಿದಾನೆ.

ಬಿಸಿಲಲ್ಲಿಡೋದು ಅಲ್ಲಿನ ಅತೀ ಸೆಕೆಯ ದಿನಗಳಲ್ಲಿ, ಆಕಾಶದಲ್ಲಿ ಲುಬ್ಧಕ ನಕ್ಷತ್ರ ಬೆಳಗಿನ ಜಾವ ಮೊದಲು ಕಾಣಿಸೋ ಹೊತ್ತಿಗೆ. ನಾವು ಮಳೆ ನಕ್ಷತ್ರ ನೋಡಿ ಬಿತ್ತೋ ಹಾಗೆ ಅವರು ನಕ್ಷತ್ರ ನೋಡಿ ಮಡಕೆ ಬಿಸಿಲಿಗಿಟ್ಟರು. ಯಾಕೆ ಸೆಕೆ ಬೇಕು ಅಂತ ಅವರಿಗೆ ಕಾರಣ ಗೊತ್ತಿರಲಿಲ್ಲ, ಬೇಕು ಅನ್ನೋದು ಗೊತ್ತಿತ್ತು.

ಇದನ್ನ ಓದಿದಾಗ ನನಗೆ ಅನಿಸಿದ್ದು ಇಷ್ಟು. ಒಳಗೆ ಏನು ನಡೀತಿದೆ ಅಂತ ಯಾರಿಗೂ ಕಾಣಿಸದ ಕಾಲ ಅದು. ಆಗ ದಿನ ಎಣಿಸೋದೊಂದೇ ದಾರಿ. 40 ದಿನ ಅಂತ ಹೇಳಿಬಿಟ್ಟರೆ ಮನುಷ್ಯ ನಾಲ್ಕನೇ ದಿನಕ್ಕೆ ಮುಚ್ಚಳ ತೆಗೆದು ಮೂಸಿ ನೋಡಲ್ಲ. ನನ್ನ ಅಳಿಯನಿಗೆ ಯಾರೂ 40 ದಿನ ಅಂತ ಹೇಳಿರಲಿಲ್ಲ.

ಇಂಗ್ಲೆಂಡಿನವರ ಮೊಟ್ಟೆ ಮತ್ತು ಕಿವಿ

ಇಂಗ್ಲೆಂಡಿನಲ್ಲಿ ಕೆನೆಲ್ಮ್ ಡಿಗ್ಬಿ ಅನ್ನೋ ದೊಡ್ಡ ಮನುಷ್ಯ ಇದ್ದ. 1665ರಲ್ಲಿ ತೀರಿಕೊಂಡ. ಅವನು ಬರೆದಿಟ್ಟುಕೊಂಡಿದ್ದ ಅಡುಗೆ ಚೀಟಿಗಳನ್ನ 1669ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಜೇನಿನ ಪಾನೀಯಗಳದ್ದೇ ನೂರರ ಹತ್ತಿರ ವಿಧಾನಗಳಿವೆ. ಇದು ಇಂಥಾ ಅಮ್ಮನವರ ಮನೇದು, ಇದು ಇಂಥಾ ಊರಿನದು ಅಂತ ಹೆಸರು ಹಾಕಿ ಬರೆದಿದಾನೆ. ನಮ್ಮಲ್ಲಿ ಉಪ್ಪಿನಕಾಯಿಗೆ ಹೇಳ್ತೀವಲ್ಲ, ಇದು ದೊಡ್ಡಮ್ಮನ ಮನೆ ಕ್ರಮ ಅಂತ, ಹಾಗೆ.

ಅದರಲ್ಲಿ ಒಂದು ಅಳತೆ ಪದೇ ಪದೇ ಬರುತ್ತೆ. ಜೇನುನೀರು ಎಷ್ಟು ಗಟ್ಟಿ ಇರಬೇಕು ಅಂದ್ರೆ ಹಸಿ ಮೊಟ್ಟೆ ಹಾಕಿದರೆ ತೇಲಬೇಕು, ತೇಲಿ ಮೇಲ್ಗಡೆ ಒಂದು ನಾಣ್ಯದಗಲ ಕಾಣಬೇಕು. ಇದನ್ನ ಓದಿ ನನಗೆ ನಗು ಬಂತು. ಬೀಜದ ಭತ್ತ ಆರಿಸೋಕೆ ಉಪ್ಪುನೀರು ಮಾಡ್ತೀವಲ್ಲ, ಮೊಟ್ಟೆ ತೇಲಿ ನಾಣ್ಯದಷ್ಟು ಕಾಣೋ ತನಕ ಉಪ್ಪು ಹಾಕಿ ಅಂತ ನಮಗೂ ಹೇಳಿಕೊಟ್ಟಿದ್ದು ಅದೇ ಮೊಟ್ಟೆ. ಈಗ ಆ ಮೊಟ್ಟೆ ಕೆಲಸವನ್ನ ಹೈಡ್ರೋಮೀಟರ್ ಮಾಡುತ್ತೆ. ಡೈರಿಯಲ್ಲಿ ಹಾಲಿಗೆ ಬಿಡೋ ಲ್ಯಾಕ್ಟೋಮೀಟರ್ ಜಾತಿಯದ್ದೇ ಅದು.

ಯೀಸ್ಟ್ ಎಲ್ಲಿಂದ? ಬಿಯರ್ ಮಾಡೋ ಮನೆಯಿಂದ ನೊರೆ ತರ್ತಿದ್ರು. ಸುಟ್ಟ ರೊಟ್ಟಿ ಚೂರಿಗೆ ಆ ನೊರೆ ಸವರಿ ಜೇನುನೀರಿನ ಮೇಲೆ ತೇಲಿಬಿಡ್ತಿದ್ರು. ಕೆಲವರು ಏನೂ ಹಾಕದೆ ತಾನಾಗಿಯೇ ಏಳಲಿ ಅಂತ ಬಿಡ್ತಿದ್ರು. ಹಳೇ ಇಂಗ್ಲಿಷಿನಲ್ಲಿ ಆ ನೊರೆಗೆ ದೇವರ ಕೃಪೆ ಅನ್ನೋ ಅರ್ಥದ ಹೆಸರೂ ಇತ್ತು. ಆಮೇಲೆ ಪೀಪಾಯಿಗೆ ಕಿವಿ ಕೊಟ್ಟು ಕೇಳೋದು. ಒಳಗೆ ಸುಯ್ ಅನ್ನೋ ಸದ್ದು ಇರೋ ತನಕ ಬಿಗಿಯಾಗಿ ಮುಚ್ಚೋ ಹಾಗಿಲ್ಲ. ಸದ್ದು ನಿಂತ ಮೇಲೆ ಮುಚ್ಚಿ, ತಿಂಗಳುಗಟ್ಟಲೆ, ಗಟ್ಟಿ ಇದ್ದರೆ ವರ್ಷ, ಮುಟ್ಟದೆ ಇಡೋದು.

ನಮ್ಮ ಕಡೆ ಆಸವದ ಮಡಕೆ

ಇದೇ ಕಿವಿ ನಮ್ಮ ವೈದ್ಯರಿಗೂ ಇತ್ತು. ಆಯುರ್ವೇದದ ಆಸವ, ಅರಿಷ್ಟ ನಿಮಗೆಲ್ಲ ಗೊತ್ತು, ದ್ರಾಕ್ಷಾಸವ ಕುಡಿಯದ ಮನೆ ಇಲ್ಲ. ಔಷಧಿಯ ಕಷಾಯಕ್ಕೆ ಬೆಲ್ಲವೋ ಜೇನೋ ಸೇರಿಸಿ, ಧಾತಕಿ ಹೂ ಹಾಕಿ, ತುಪ್ಪ ಸವರಿದ ಮಡಕೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಇಡೋ ಕ್ರಮ. ಹದಿನೈದು ದಿನ, ತಿಂಗಳು ಅಂತ ಗಡುವು ಇರುತ್ತೆ. ಮಡಕೆಯನ್ನ ಭತ್ತದ ರಾಶಿಯೊಳಗೆ ಹೂತಿಡಿ ಅಂತಾನೂ ಹೇಳಿದಾರೆ. ಭತ್ತದ ರಾಶಿಯೊಳಗೆ ಕೈ ಹಾಕಿದವರಿಗೆ ಗೊತ್ತು, ಹೊರಗೆ ಚಳಿ ಇದ್ದರೂ ಒಳಗೆ ಒಂದೇ ಹದ ಬೆಚ್ಚಗಿರುತ್ತೆ. ರೋಮಿನವರ ಬಿಸಿಲಿನ ಕೆಲಸವನ್ನ ಇಲ್ಲಿ ಭತ್ತ ಮಾಡ್ತಿತ್ತು. ಜೊತೆಗೆ, ಹೂತಿಟ್ಟ ಮಡಕೆಯನ್ನ ದಿನಾ ತೆಗೆದು ನೋಡೋಕೆ ಆಗಲ್ಲ, ಅದೂ ಒಂದು ಲಾಭ.

ಮುಗೀತಾ ಅಂತ ನೋಡೋಕೆ ಮಡಕೆ ಬಾಯಿಗೆ ಕಿವಿ ಕೊಡೋದು, ಇಲ್ಲಾಂದ್ರೆ ಉರಿಯೋ ಕಡ್ಡಿ ಹಿಡಿಯೋದು. ಕಡ್ಡಿ ಆರಿದರೆ ಇನ್ನೂ ಗಾಳಿ ಬಿಡ್ತಿದೆ ಅಂತ ಅರ್ಥ. ಆರದೆ ಉರಿದರೆ ಮುಗೀತು. ಆ ಗಾಳಿ ಇಂಗಾಲದ ಡೈಆಕ್ಸೈಡು.

ಒಂದು ಮಾತು. ಹಳೇ ಪುಸ್ತಕದಲ್ಲಿ ಮಧು ಅಂತ ಕಂಡ ಕೂಡಲೇ ಜೇನಿನ ಮದ್ಯ ಅಂದುಕೊಳ್ಳಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ಮದ್ಯಗಳ ಪಟ್ಟಿಯಲ್ಲಿ ಮಧು ಅಂದ್ರೆ ದ್ರಾಕ್ಷಿ ರಸದ್ದು.

ಲೀಬಿಗ್ ನಕ್ಕ, ಪಾಶ್ಚರ್ ನೋಡಿದ

ಇಷ್ಟು ಸಾವಿರ ವರ್ಷ ಮಾಡಿದರೂ ಒಳಗೆ ಕೆಲಸ ಮಾಡೋರು ಯಾರು ಅಂತ ಗೊತ್ತಿರಲಿಲ್ಲ. 1680ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತನ್ನದೇ ಸೂಕ್ಷ್ಮದರ್ಶಕದಲ್ಲಿ ಬಿಯರ್ ನೋಡಿ, ಸಣ್ಣ ಸಣ್ಣ ಉಂಡೆ ಕಂಡ. ಅದಕ್ಕೆ ಜೀವ ಇದೆ ಅಂತ ಅವನಿಗೆ ಹೊಳೆಯಲಿಲ್ಲ. 1830ರ ದಶಕದ ಕೊನೆಗೆ ಫ್ರಾನ್ಸಿನ ಕಾನ್ಯಾರ್ ದ ಲ ತೂರ್, ಜರ್ಮನಿಯ ಶ್ವಾನ್ ಮತ್ತು ಕ್ಯೂಟ್ಸಿಂಗ್, ಮೂರು ಜನ ಬೇರೆ ಬೇರೆಯಾಗಿ ನೋಡಿ, ಇದು ಮೊಳೆತು ಬೆಳೆಯೋ ಜೀವ ಅಂದರು.

ಆಗ ದೊಡ್ಡ ರಸಾಯನ ಶಾಸ್ತ್ರಜ್ಞರು ನಕ್ಕರು. ಲೀಬಿಗ್ ಮತ್ತು ವೋಲರ್ 1839ರಲ್ಲಿ ಹೆಸರು ಹಾಕದೆ ಒಂದು ತಮಾಷೆ ಲೇಖನವನ್ನೇ ಅಚ್ಚು ಹಾಕಿಸಿದರು. ಯೀಸ್ಟ್ ಅನ್ನೋದು ಬಟ್ಟಿ ಇಳಿಸೋ ಪಾತ್ರೆಯಂಥ ಪ್ರಾಣಿ, ಸಕ್ಕರೆ ತಿಂದು ಒಂದು ಕಡೆಯಿಂದ ಮದ್ಯ, ಇನ್ನೊಂದು ಕಡೆಯಿಂದ ಗಾಳಿ ಬಿಡುತ್ತೆ ಅಂತ ಗೇಲಿ.

ಈ ಲೀಬಿಗ್ ನಮಗೆ ಅಪರಿಚಿತ ಅಲ್ಲ. ಗಿಡಕ್ಕೆ ಮಣ್ಣಿನ ಲವಣ ಬೇಕು, ಯಾವ ಪೋಷಕಾಂಶ ಕಡಿಮೆಯೋ ಅದೇ ಇಳುವರಿಯನ್ನ ತಡೆಯುತ್ತೆ ಅನ್ನೋ ಮಾತನ್ನ ಸ್ಪ್ರೆಂಗೆಲ್ ಮೊದಲು ಹೇಳಿದ, ಊರಿಗೆಲ್ಲ ತಿಳಿಯೋ ಹಾಗೆ ಮಾಡಿದ್ದು ಲೀಬಿಗ್. 1840ರಲ್ಲಿ ಬಂದ ಅವನ ಕೃಷಿ ರಸಾಯನದ ಪುಸ್ತಕದಿಂದಲೇ ಇವತ್ತಿನ ಗೊಬ್ಬರದ ಲೆಕ್ಕಾಚಾರ ಬೆಳೆದು ಬಂತು. ಗಿಡದ ಹಸಿವು ತಿಳಿದಿದ್ದ ಮನುಷ್ಯನಿಗೆ ಯೀಸ್ಟಿಗೂ ಹಸಿವಿದೆ ಅಂತ ಒಪ್ಪೋಕೆ ಆಗಲಿಲ್ಲ.

1856ರಲ್ಲಿ ಫ್ರಾನ್ಸಿನ ಲೀಲ್ ಊರಿನಲ್ಲಿ ಬೀಟ್ರೂಟಿನಿಂದ ಸ್ಪಿರಿಟ್ ಮಾಡೋ ಕಾರ್ಖಾನೆಯವನೊಬ್ಬ ಪಾಶ್ಚರ್ ಹತ್ತಿರ ಬಂದ. ಕೆಲವು ತೊಟ್ಟಿ ಹುಳಿಯಾಗಿ ಹಾಳಾಗ್ತಿವೆ, ಯಾಕೆ ಅಂತ. ಪಾಶ್ಚರ್ ನೋಡಿದಾಗ ಒಳ್ಳೆ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್, ಕೆಟ್ಟ ತೊಟ್ಟಿಯಲ್ಲಿ ಅದಕ್ಕಿಂತ ತೀರಾ ಸಣ್ಣ, ಕಡ್ಡಿಯಂಥ ಜೀವಿಗಳು. ಅಂದ್ರೆ ತೊಟ್ಟಿ ಅನ್ನೋದು ಗದ್ದೆ ಇದ್ದ ಹಾಗೆ. ಭತ್ತ ಮೊದಲು ಎದ್ದು ನೆಲ ಮುಚ್ಚಿದರೆ ಕಳೆ ಏಳಲ್ಲ. ಭತ್ತ ತಡವಾದರೆ ಕಳೆ ಗೆಲ್ಲುತ್ತೆ.

ಹಾಗಾಗಿ ಮೊದಲ ಎರಡು ಮೂರು ದಿನದ ಭಯ ಪೂರ್ತಿ ಸುಳ್ಳೂ ಅಲ್ಲ. ಆದರೆ ಅದಕ್ಕೆ ಮದ್ದು ಇರೋದು ಮುಚ್ಚಳ ಹಾಕೋ ಮುಂಚೆ. ಪಾತ್ರೆ ಶುದ್ಧ ಇರಬೇಕು, ಜೀವ ಇರೋ ಯೀಸ್ಟ್ ಸಾಕಷ್ಟು ಇರಬೇಕು, ನೀರು ತೀರಾ ತಣ್ಣಗೂ ಬಿಸಿಯೂ ಇರಬಾರದು. ಇದು ಸರಿ ಇದ್ದರೆ ಒಂದು ದಿನ, ಎರಡು ದಿನ ಸುಮ್ಮನಿದ್ದ ಹಾಗೆ ಕಾಣೋದು ಸಹಜ. ಯೀಸ್ಟ್ ಆಗ ಸಂಖ್ಯೆ ಹೆಚ್ಚು ಮಾಡ್ಕೊಳ್ತಾ ಇರುತ್ತೆ. ಬಿತ್ತಿದ ಬೀಜ ಮೇಲೆ ಬರಲಿಲ್ಲ ಅಂತ ಮೂರನೇ ದಿನ ಸಸಿಮಡಿ ಕೆದಕಿ ನೋಡೋನಿಗೆ ನಾವು ಏನಂತೀವಿ?

ಕೊನೆಗೆ ಲೀಬಿಗ್‌ನ ಮಾತಿಗೂ ಸ್ವಲ್ಪ ಬೆಲೆ ಬಂತು ಅನ್ನಿ. 1897ರಲ್ಲಿ ಬುಖ್ನರ್ ಅನ್ನೋನು ಯೀಸ್ಟನ್ನ ಅರೆದು, ಹಿಂಡಿ, ಜೀವಕೋಶ ಇಲ್ಲದ ಬರೀ ರಸದಿಂದಲೇ ಸಕ್ಕರೆ ಹುದುಗಿಸಿ ತೋರಿಸಿದ. 1907ರಲ್ಲಿ ಅವನಿಗೆ ನೊಬೆಲ್ ಬಂತು. ಜೀವವೂ ನಿಜ, ಒಳಗಿನ ರಸಾಯನವೂ ನಿಜ.

ಡಿಎಪಿ ಅಂದಾಗ ನನಗೆ ಅರ್ಥ ಆಯ್ತು

ಈಗ ಆ ಹಸಿವಿನ ವಿಷಯ. 1860ರಲ್ಲಿ ಪಾಶ್ಚರ್ ಇನ್ನೊಂದು ತೋರಿಸಿದ. ಬರೀ ಸಕ್ಕರೆ ನೀರಿಗೆ ಅಮೋನಿಯಂ ಲವಣ ಮತ್ತು ಯೀಸ್ಟಿನ ಬೂದಿ ಹಾಕಿದರೆ ಯೀಸ್ಟ್ ಬೆಳೆಯುತ್ತೆ. ಅಂದ್ರೆ ಅದಕ್ಕೆ ಸಿಹಿ ಒಂದೇ ಸಾಲದು, ಸಾರಜನಕ ಬೇಕು, ಖನಿಜ ಬೇಕು.

ದ್ರಾಕ್ಷಿ ರಸದಲ್ಲಿ, ಬಿಯರಿನ ಬಾರ್ಲಿ ಕಷಾಯದಲ್ಲಿ ಸಾರಜನಕ ಸಾಕಷ್ಟಿರುತ್ತೆ. ಜೇನಿನಲ್ಲಿ ನೂರಕ್ಕೆ 80 ಪಾಲು ಸಕ್ಕರೆ, ಸಾರಜನಕ ಮಾತ್ರ ತೀರಾ ಕಡಿಮೆ. ಜೇನುನೀರು ಅಂದ್ರೆ ಯೀಸ್ಟಿಗೆ ಬರೀ ಮರಳು ನೆಲ. ಬೇರೆ ವೈನಿಗಿಂತ ಮೀಡ್ ನಿಧಾನ ಯಾಕೆ ಅನ್ನೋದಕ್ಕೆ ಮುಖ್ಯ ಕಾರಣ ಇದೇ. ಸಾರಜನಕ ಸಾಲದೆ ಹೋದಾಗ ಯೀಸ್ಟ್ ಗಂಧಕದ ಗಾಳಿ ಬಿಡುತ್ತೆ. ಕೊಳೆತ ಮೊಟ್ಟೆ ವಾಸನೆ ಅದರದ್ದೇ. ನಾವು ಹಳದಿ ಎಲೆ ನೋಡಿ ತೋಟಕ್ಕೆ ಗೊಬ್ಬರ ಸಾಲದು ಅಂತ ತಿಳಿಯೋ ಹಾಗೆ, ಆ ವಾಸನೆ ನೋಡಿ ತಿಳಿಯಬೇಕಿತ್ತು. ಹಳದಿ ಎಲೆ ಬಂತು ಅಂತ ಯಾರಾದರೂ ಅಡಿಕೆ ಮರ ಕಡೀತಾರಾ? ನಾನು ಕಡಿಸಿದೆ.

ಈ ಸಲ ಅಳಿಯ ಎರಡನೇ ಜಾಡಿ ಇಟ್ಟಾಗ, "ಮಾವ, ಡಿಎಪಿ ಹಾಕಿದೀನಿ" ಅಂದ. ಮೊದಲು ತಮಾಷೆ ಅಂದುಕೊಂಡೆ. ನಿಜವಾಗಿಯೂ ಅದೇ ಡೈಅಮೋನಿಯಂ ಫಾಸ್ಫೇಟು. ಆದರೆ ನಮ್ಮ ಗೊಬ್ಬರದ ಚೀಲದ್ದಲ್ಲ, ಅದನ್ನ ಯಾವತ್ತೂ ತಿನ್ನೋದಕ್ಕೆ ಸೇರಿಸಬಾರದು. ತಿನ್ನೋ ಪದಾರ್ಥಕ್ಕೆ ಅಂತಲೇ ಶುದ್ಧ ಮಾಡಿದ್ದು ಬೇರೆ ಸಿಗುತ್ತೆ, ಅದೂ ಗ್ರಾಂ ಲೆಕ್ಕದಲ್ಲಿ. ಒಂದೇ ಸಲ ಸುರಿಯದೆ ಮೊದಲ ಕೆಲವು ದಿನ ಕಂತು ಕಂತಾಗಿ ಹಾಕ್ತಾರಂತೆ, ನಾವು ಮೇಲುಗೊಬ್ಬರ ಕೊಡೋ ಹಾಗೆ. ಆ ದಿನಗಳಲ್ಲಿ ಸ್ವಲ್ಪ ಕಲಕಿ ಗಾಳಿ ಆಡಿಸ್ತಾರೆ, ಬೆಳೆಯೋಕೆ ಯೀಸ್ಟಿಗೆ ಗಾಳಿ ಬೇಕು. ಆಮೇಲೆ ಮುಚ್ಚಿದರೆ ಮುಟ್ಟೋ ಹಾಗಿಲ್ಲ.

ಇನ್ನೊಂದು ಪಾಠ. ಅವನು ಮೊದಲನೇ ಸಲ ಗುಳ್ಳೆ ಎಣಿಸ್ತಾ ಕೂತಿದ್ದ. ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ಗಾಳಿ ಪಕ್ಕದಿಂದ ಹೋಗುತ್ತೆ, ಗುಳ್ಳೆ ಕಾಣಲ್ಲ. ಈ ಸಲ ಹೈಡ್ರೋಮೀಟರ್ ಬಿಟ್ಟು ಬರೆದಿಟ್ಟ. ಶುರುವಿಗೆ 1.100 ಹತ್ತಿರ. ಸಕ್ಕರೆ ಕರಗಿ ಮದ್ಯ ಆದ ಹಾಗೆ ಅದು ಇಳೀತಾ 1.000 ಹತ್ತಿರ ಬರಬೇಕು. ಅಂಕಿ ಇಳೀತಿದೆ ಅಂದ್ರೆ ಕೆಲಸ ನಡೀತಿದೆ, ಗುಳ್ಳೆ ಕಾಣಲಿ ಬಿಡಲಿ.

ಕಾಯೋದನ್ನೇ ಕಾನೂನು ಮಾಡಿದವರು

ಪೋಲೆಂಡಿನವರು ಇದರಲ್ಲಿ ಎಲ್ಲರಿಗಿಂತ ಗಟ್ಟಿ. ಅಲ್ಲಿ ಮೀಡಿಗೆ ನಾಲ್ಕು ಜಾತಿ. ಒಂದು ಪಾಲು ಜೇನಿಗೆ ಅರ್ಧ ಪಾಲು ನೀರು ಹಾಕಿದರೆ ಪುವ್‌ತೊರಾಕ್, ಒಂದು ಪಾಲಿಗೆ ದ್ವೂಯ್ನ್ಯಾಕ್, ಎರಡು ಪಾಲಿಗೆ ತ್ರೂಯ್ನ್ಯಾಕ್, ಮೂರು ಪಾಲಿಗೆ ಚ್ವೂರ್ನ್ಯಾಕ್. 2008ರಲ್ಲಿ ಯುರೋಪಿಯನ್ ಒಕ್ಕೂಟ ಈ ಹೆಸರುಗಳನ್ನ ಸಾಂಪ್ರದಾಯಿಕ ಪದಾರ್ಥ ಅಂತ ನೋಂದಣಿ ಮಾಡ್ತು. ಅದರ ನಿಯಮದಲ್ಲಿ ಕಾಯೋ ಕಾಲವೂ ಬರೆದಿದೆ. ನೀರು ಹೆಚ್ಚಿರೋದಕ್ಕೆ ಕಡಿಮೆ ಅಂದ್ರೂ 9 ತಿಂಗಳು, ಆಮೇಲೆ 1 ವರ್ಷ, 2 ವರ್ಷ, ಅತೀ ಗಟ್ಟಿಯದಕ್ಕೆ 3 ವರ್ಷ. ಸಿಹಿ ಹೆಚ್ಚಿದಷ್ಟೂ ಯೀಸ್ಟಿಗೆ ಕಷ್ಟ, ರುಚಿ ಹದಕ್ಕೆ ಬರೋಕೂ ತಡ. ಕೊಲುಮೆಲ್ಲನ 40 ದಿನ ಇಲ್ಲಿ ಮೂರು ವರ್ಷ ಆಗಿದೆ.

ಇನ್ನು ನಮ್ಮ ಪೆಟ್ಟಿಗೆ ವಿಷಯ

ಇದೆಲ್ಲ ನಮಗ್ಯಾಕೆ ಅಂತೀರಾ? ಕೆಲವು ವರ್ಷದ ಹಿಂದೆ ನನ್ನ ತುಡುವೆ ಜೇನಿನ ಬಾಟಲಿ ಪೇಟೆಯ ಒಬ್ಬ ಗಿರಾಕಿ ಮನೆಯಲ್ಲಿ ನೊರೆ ಬಂದು ಮುಚ್ಚಳ ಹಾರಿತು. ಸಕ್ಕರೆ ಪಾಕ ಬೆರೆಸಿದೀರಿ ಅಂತ ಹತ್ತು ಜನರ ಎದುರಿಗೆ ಅಂದರು. ನಾನು ಬೆರೆಸಿರಲಿಲ್ಲ. ಬಹಳ ದಿನ ಅವರ ಮೇಲೆ ಸಿಟ್ಟಿತ್ತು.

ಈಗ ಗೊತ್ತಾಗಿದೆ. ಯೀಸ್ಟ್ ಎಲ್ಲ ಜೇನಿನಲ್ಲೂ ಇರುತ್ತೆ, ನೀರು ಸಾಲದೆ ಮಲಗಿರುತ್ತೆ. ನೀರಿನ ಅಂಶ ನೂರಕ್ಕೆ 20 ದಾಟಿದರೆ ಏಳುತ್ತೆ. ಹುಳಗಳು ರೆಕ್ಕೆ ಬೀಸಿ ನೀರು ಆರಿಸಿ, ಹದ ಬಂದ ಮೇಲೆ ಕಣ್ಣಿಗೆ ಮೇಣದ ಮುಚ್ಚಳ ಹಾಕುತ್ತವೆ. ನಾನು ಆ ವರ್ಷ ಮಳೆ ಬಂದುಬಿಡುತ್ತೆ ಅಂತ ಗಡಿಬಿಡಿಯಲ್ಲಿ ಮುಚ್ಚಳ ಹಾಕದ ಎರಿಯನ್ನೂ ಯಂತ್ರಕ್ಕೆ ಹಾಕಿ ತೆಗೆದಿದ್ದೆ. ಮೋಸ ಮಾಡಿರಲಿಲ್ಲ, ಅವಸರ ಮಾಡಿದ್ದೆ. ಮೀಡ್ ಮಾಡೋನಿಗೆ ಯೀಸ್ಟ್ ಏಳಬೇಕು, ನಮಗೆ ಅದು ಮಲಗಿರಬೇಕು. ಎರಡು ಕಡೆಯೂ ನಾನು ಕೆಡಿಸಿದ್ದು ಕಾಯದೆ ಇದ್ದಿದ್ದಕ್ಕೆ.

ಅದಕ್ಕೆ ಪೆಟ್ಟಿಗೆ ಇಟ್ಟವರಿಗೆ ನನ್ನ ಕೋರಿಕೆ. ಎರಿಯ ಮುಕ್ಕಾಲು ಪಾಲಾದರೂ ಮೇಣ ಮುಚ್ಚಿರೋ ತನಕ ತೆಗೀಬೇಡಿ. ಮಳೆ ಹತ್ತಿರ ಬಂದು ಮುಚ್ಚದೆ ಉಳಿದರೆ ಅದು ಹುಳಗಳ ಪಾಲು, ಮಳೆಗಾಲಕ್ಕೆ ಅವಕ್ಕೂ ಬೇಕು. ತಪ್ಪಿ ತೆಗೆದಿದ್ದರೆ ಬೇರೆ ಇಟ್ಟು ಮನೆಯಲ್ಲಿ ಬೇಗ ಖರ್ಚು ಮಾಡಿ, ಬಾಟಲಿಗೆ ತುಂಬಿ ಮಾರಬೇಡಿ.

ಇನ್ನೊಂದು ಎಚ್ಚರಿಕೆ. ಇದನ್ನ ಓದಿ ಯಾರೂ ಮನೆಯಲ್ಲಿ ಮೀಡ್ ಇಡೋಕೆ ಹೋಗಬೇಡಿ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಪುಣೆ ಕಡೆ ಲೈಸೆನ್ಸ್ ತಗೊಂಡು ಜೇನಿನಿಂದ ಮೀಡ್ ಮಾಡಿ ಮಾರೋರು ಇದಾರೆ. ನಮ್ಮ ಕಡೆಯೂ ಯಾರಾದರೂ ಹಾಗೆ ಮಾಡಿದರೆ ನಮ್ಮ ಜೇನಿಗೆ ಇನ್ನೊಂದು ಮಾರುಕಟ್ಟೆ ಆದೀತು. ಅದು ಬೇರೆ ಮಾತು.

ಅಳಿಯನ ಎರಡನೇ ಜಾಡಿಗೆ ಈಗ ನಾಲ್ಕು ತಿಂಗಳು. ಅಂಕಿ 1.004ಕ್ಕೆ ಬಂದು ನಿಂತಿದೆಯಂತೆ. ಕೆಳಗೆ ಮಡ್ಡಿ ಕೂತು ಮೇಲೆ ತಿಳಿ ಆಗ್ತಿದೆ. ಮೊನ್ನೆ, "ಮಾವ, ಸ್ವಲ್ಪ ರುಚಿ ನೋಡಲಾ?" ಅಂತ ಕೇಳಿದ. ಈ ಸಲ ನಾನು ಏನೂ ಹೇಳಲಿಲ್ಲ. ಜೇನು ಕೊಟ್ಟ ಮುದುಕರನ್ನ ಕೇಳು ಅಂದೆ. ಅವರು ಮುಂದಿನ ವರ್ಷ ಬಾ ಅಂದರಂತೆ.

ನಿಮ್ಮಲ್ಲಿ ಯಾರ ಜೇನಾದರೂ ನೊರೆ ಬಂದಿದ್ದರೆ, ಯಾವ ತಿಂಗಳು ತೆಗೆದದ್ದು, ಎರಿ ಎಷ್ಟು ಮುಚ್ಚಿತ್ತು ಅಂತ ಕೆಳಗೆ ಬರೀರಿ. ನಾಲ್ಕು ಜನರ ಲೆಕ್ಕ ಸೇರಿದರೆ ನಮ್ಮ ಕಡೆಗೆ ಸರಿಯಾದ ದಿನ ಯಾವುದು ಅಂತ ಗೊತ್ತಾಗುತ್ತೆ.